ಪೆಟ್ರೋಲ್ ಮುಳ್ಳು ಸುಳ್ಳು ಹೇಳಿದರೆ: ಹಳೆ ಕಾರಿನ ಫ್ಯೂಯಲ್ ಗೇಜ್ ದೋಷ ಹುಡುಕುವ ಕ್ರಮ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಕಾರುಗಳನ್ನು ಇಂದಿಗೂ ಓಡಿಸುವವರಲ್ಲಿ ಬಹಳ ಮಂದಿ ಪೆಟ್ರೋಲ್ ಮುಳ್ಳನ್ನು ನಂಬುವುದನ್ನೇ ಬಿಟ್ಟಿರುತ್ತಾರೆ. ಕಿಲೋಮೀಟರ್ ಲೆಕ್ಕ ಹಾಕಿಕೊಂಡೋ, ಟ್ಯಾಂಕಿನ ಮುಚ್ಚಳ ತೆಗೆದು ಕಾರನ್ನು ಅಲುಗಾಡಿಸಿ ಸದ್ದು ಕೇಳಿಕೊಂಡೋ ದಿನ ದೂಡುತ್ತಾರೆ. ಅಷ್ಟು ಕಷ್ಟಪಡಬೇಕಿಲ್ಲ. ಈ ಗೇಜ್ ಕಾರಿನ ಅತ್ಯಂತ ಸರಳ ವಿದ್ಯುತ್ ಸರ್ಕ್ಯೂಟ್‌ಗಳಲ್ಲಿ ಒಂದು. ಒಂದು ಮಲ್ಟಿಮೀಟರ್, ಎರಡು ಮೀಟರ್ ತಂತಿ ಮತ್ತು ನಾಲ್ಕಾರು ರೂಪಾಯಿಯ ರೆಸಿಸ್ಟರ್‌ಗಳಿದ್ದರೆ ಅರ್ಧ ದಿನದಲ್ಲಿ ದೋಷ ಸಿಗುತ್ತದೆ.

ಆದರೆ ಹುಡುಕುವ ಕ್ರಮ ಸರಿಯಿರಬೇಕು. ಮುಳ್ಳು ಏಳದಿದ್ದರೆ ಹೆಚ್ಚಿನವರು ಮೊದಲು ಡ್ಯಾಶ್‌ಬೋರ್ಡ್ ಬಿಚ್ಚಿ ಗೇಜನ್ನೇ ಬದಲಾಯಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಇದು. ಗೇಜ್ ಒಣ ಜಾಗದಲ್ಲಿ ಗಾಜಿನ ಹಿಂದೆ ಕೂತಿರುತ್ತದೆ, ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಕೆಸರು, ನೀರು, ತುಕ್ಕು ತಗಲುವ ಹಿಂದಿನ ತುದಿ: ಟ್ಯಾಂಕಿನ ಅರ್ತ್ (ಕರೆಂಟ್ ಕಾರಿನ ಬಾಡಿಯ ಮೂಲಕ ವಾಪಸ್ ಹೋಗುವ ದಾರಿ), ಅಲ್ಲಿನ ತಂತಿಯ ಕೊಂಡಿ, ಟ್ಯಾಂಕಿನೊಳಗೆ ಪೆಟ್ರೋಲ್ ಮಟ್ಟ ಅಳೆಯುವ ಸೆಂಡರ್. ಆದ್ದರಿಂದ ಟ್ಯಾಂಕಿನಿಂದ ಶುರುಮಾಡಿ ಮುಂದಕ್ಕೆ ಬನ್ನಿ. ಗೇಜ್ ಬಿಚ್ಚುವುದು ಕಟ್ಟಕಡೆಯ ಕೆಲಸ.

ಕರೆಂಟ್ ಹರಿಯುವ ದಾರಿ

ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್, ಅಲ್ಲಿಂದ ಫ್ಯೂಸ್, ಕೆಲವು ಕಾರುಗಳಲ್ಲಿ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಸಣ್ಣ ಡಬ್ಬಿ, ಆಮೇಲೆ ಗೇಜ್. ಗೇಜ್‌ನಿಂದ ಒಂದೇ ಒಂದು ತಂತಿ ಡಿಕ್ಕಿಯವರೆಗೆ ಹೋಗಿ ಸೆಂಡರ್‌ಗೆ ಸೇರುತ್ತದೆ. ಗ್ಯಾರೇಜುಗಳಲ್ಲಿ ಈ ಸೆಂಡರನ್ನು ಟ್ಯಾಂಕ್ ಯೂನಿಟ್ ಎಂದೋ ಬರೀ ಫ್ಲೋಟ್ ಎಂದೋ ಕರೆಯುತ್ತಾರೆ. ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಏರಿಳಿದಂತೆ ಅದರ ಕಡ್ಡಿ ಒಂದು ರೆಸಿಸ್ಟೆನ್ಸ್ ಸುರುಳಿಯ ಮೇಲೆ ಜಾರುತ್ತದೆ. ಅಲ್ಲಿಂದ ಕರೆಂಟ್ ವಾಪಸ್ ಬ್ಯಾಟರಿಗೆ ಹೋಗಲು ತಂತಿಯಿಲ್ಲ. ಸೆಂಡರ್‌ನ ಲೋಹದ ಮೈ, ಟ್ಯಾಂಕ್, ಅದರ ಬೋಲ್ಟ್, ಕಾರಿನ ಬಾಡಿ ಇವೇ ಆ ದಾರಿ. ತುಕ್ಕು, ಬಣ್ಣ, ರಬ್ಬರ್ ಪಟ್ಟಿ ಎಲ್ಲವೂ ಈ ದಾರಿಗೆ ಅಡ್ಡ ನಿಲ್ಲುತ್ತವೆ. ಟ್ಯಾಂಕನ್ನು ಇಳಿಸಿ ಚೆನ್ನಾಗಿ ಪೇಂಟ್ ಅಥವಾ ಪೌಡರ್ ಕೋಟಿಂಗ್ ಮಾಡಿಸಿದ ಮೇಲೆ ಮುಳ್ಳು ಸತ್ತುಹೋಗುವುದು ಇದೇ ಕಾರಣಕ್ಕೆ.

ಮೊದಲು ಸುರಕ್ಷತೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದಲ್ಲಿ, ಸರ್ವಿಸ್ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಕೆಲಸ ಬಯಲಿನಲ್ಲೇ ಆಗಲಿ. ಸೆಂಡರ್ ಬಿಚ್ಚುವ ಮೊದಲು ಬ್ಯಾಟರಿಯ ಅರ್ತ್ ಟರ್ಮಿನಲ್ ಕಳಚಿ. ಬೆಳಕಿಗೆ ಬ್ಯಾಟರಿ ಟಾರ್ಚ್ ಸಾಕು, ವೈರ್ ಎಳೆದ ಬಲ್ಬ್ ಬೇಡ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಪೆಟ್ರೋಲ್ ಇರಲಿ. ಸೆಂಡರ್ ಟ್ಯಾಂಕಿನ ಪಕ್ಕಕ್ಕೆ ಕೂತಿರುವ ಕಾರುಗಳಲ್ಲಿ ಇಲ್ಲದಿದ್ದರೆ ಪೆಟ್ರೋಲ್ ಮೈಮೇಲೆ ಸುರಿಯುತ್ತದೆ. ಡ್ರೈ ಪೌಡರ್ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿರಲಿ. ಇಗ್ನಿಷನ್ ಆನ್ ಇಟ್ಟು ಮಾಡುವ ಪರೀಕ್ಷೆಗಳೆಲ್ಲ ಟ್ಯಾಂಕ್ ಮುಚ್ಚಿರುವಾಗಲೇ ಮುಗಿಯಬೇಕು. ಇದರಲ್ಲಿ ರಾಜಿ ಬೇಡ.

ನಿಮ್ಮ ಗೇಜ್ ಯಾವ ಜಾತಿಯದು?

ಹಳೆ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ದೋಷ ಈ ಎರಡರಲ್ಲಿ ತದ್ವಿರುದ್ಧ ಲಕ್ಷಣ ತೋರಿಸುವುದರಿಂದ ಇದನ್ನು ತಿಳಿಯದೆ ಮುಂದೆ ಹೋಗಬೇಡಿ.

ಕೀ ತಿರುಗಿಸಿದ ತಕ್ಷಣ ಮುಳ್ಳು ಜಿಗಿದು ನಿಂತರೆ, ತಿರುವಿನಲ್ಲಿ ಪೆಟ್ರೋಲ್ ಅಲುಗಿದಂತೆ ತಾನೂ ಅಲುಗಿದರೆ, ಅದು ಎರಡು ಕಾಯಿಲ್‌ಗಳ ಕಾಂತ ಸೆಳೆತದಿಂದ ಕೆಲಸ ಮಾಡುವ ಗೇಜ್. ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ 1960ರ ದಶಕದ ನಡುವಿನವರೆಗೂ ಇದೇ ಸಾಮಾನ್ಯ. ಇದರ ಸೆಂಡರ್ ಖಾಲಿ ಟ್ಯಾಂಕಿನಲ್ಲಿ ಸೊನ್ನೆಯ ಹತ್ತಿರ, ತುಂಬಿದಾಗ ಸುಮಾರು 70ರಿಂದ 90 ಓಮ್ (ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ತೋರಿಸುತ್ತದೆ. ಇದಕ್ಕೆ ಸ್ಟೆಬಿಲೈಸರ್ ಬೇಡ.

ಕೀ ತಿರುಗಿಸಿದ ಮೇಲೆ ಮುಳ್ಳು ನಿಧಾನವಾಗಿ, ಅರ್ಧ ನಿಮಿಷದಷ್ಟು ಹೊತ್ತು ತೆಗೆದುಕೊಂಡು ಏರಿದರೆ ಅದು ಬೈಮೆಟಲ್ ಗೇಜ್. ಒಳಗೆ ಎರಡು ಲೋಹಗಳ ಪಟ್ಟಿಗೆ ಸುತ್ತಿದ ಹೀಟರ್ ತಂತಿಯಿದೆ. ಹೆಚ್ಚು ಕರೆಂಟ್ ಹರಿದಷ್ಟೂ ಪಟ್ಟಿ ಬಿಸಿಯಾಗಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಬ್ರಿಟಿಷ್ ಕಂಪನಿ ಸ್ಮಿತ್ಸ್ ಮಾದರಿಯ ಬೈಮೆಟಲ್ ಗೇಜಿನ ಸೆಂಡರ್ ಖಾಲಿಯಲ್ಲಿ ಸುಮಾರು 240 ಓಮ್, ಅರ್ಧದಲ್ಲಿ 70ರ ಆಸುಪಾಸು, ತುಂಬಿದಾಗ 20ರಿಂದ 30 ಓಮ್. ಅಂದರೆ ಲೆಕ್ಕ ಮೊದಲಿನದಕ್ಕೆ ಪೂರ್ತಿ ಉಲ್ಟಾ.

ಬೇರೆ ಅಳತೆಗಳೂ ಉಂಟು. ಜರ್ಮನ್ ವಿಡಿಒ ಗೇಜ್‌ಗಳಿಗೆ ಖಾಲಿಗೆ 10, ತುಂಬಿದ್ದಕ್ಕೆ 180 ಓಮ್. 1980ರ ದಶಕದ ನಡುವಿನವರೆಗಿನ ಅಮೆರಿಕದ ಫೋರ್ಡ್‌ಗಳಿಗೆ ಖಾಲಿಗೆ 73, ತುಂಬಿದ್ದಕ್ಕೆ 10. ಅಂಗಡಿಯಲ್ಲಿ ‘ಎಲ್ಲಾ ಗಾಡಿಗೂ ಆಗುತ್ತೆ’ ಎಂದು ಕೊಡುವ ಸೆಂಡರ್ ಹಾಕಿದ ಮೇಲೆ ಖಾಲಿ ಟ್ಯಾಂಕಿಗೆ ಫುಲ್ ತೋರಿಸಿದರೆ ಅಥವಾ ಮುಳ್ಳು ಅರ್ಧದಿಂದ ಕೆಳಗಿಳಿಯದಿದ್ದರೆ ವೈರಿಂಗ್ ತಡಕಬೇಡಿ. ಸೆಂಡರ್ ಮತ್ತು ಗೇಜ್ ಒಂದೇ ಅಳತೆಯವಲ್ಲ, ಅಷ್ಟೆ.

ಹಂತ 1: ಫ್ಯೂಸ್ ಮತ್ತು ನೆಂಟರು

ಬ್ರಿಟಿಷ್ ಮಾದರಿಯ ವೈರಿಂಗ್‌ನಲ್ಲಿ ಗೇಜ್‌ಗೆ ಕರೆಂಟ್ ಕೊಡುವ ಫ್ಯೂಸೇ ಸಾಮಾನ್ಯವಾಗಿ ಬ್ರೇಕ್ ದೀಪ, ಇಂಡಿಕೇಟರ್, ವೈಪರ್‌ಗೂ ಕೊಡುತ್ತದೆ. ಅವೆಲ್ಲ ಒಟ್ಟಿಗೆ ಸತ್ತಿದ್ದರೆ ಫ್ಯೂಸ್ ನೋಡಿ. ಗಾಜಿನ ಫ್ಯೂಸ್ ಕಣ್ಣಿಗೆ ಸರಿಯಾಗಿ ಕಂಡರೂ ಎರಡು ತುದಿಯ ಲೋಹದ ಟೊಪ್ಪಿಗೆ ಹಾಗೂ ಅದನ್ನು ಹಿಡಿಯುವ ಕ್ಲಿಪ್ಪು ಹಸಿರುಗಟ್ಟಿರಬಹುದು. ಎಮರಿ ಪೇಪರಿನಿಂದ ಉಜ್ಜಿ, ಕ್ಲಿಪ್ಪನ್ನು ಸ್ವಲ್ಪ ಬಿಗಿಮಾಡಿ.

ವಿದ್ಯುತ್ತಿನಿಂದ ನಡೆಯುವ ಟೆಂಪರೇಚರ್ ಗೇಜ್ ಇದ್ದರೆ ಅದನ್ನೂ ಗಮನಿಸಿ. ಎರಡೂ ಒಟ್ಟಿಗೆ ಸತ್ತಿದ್ದರೆ ಅಥವಾ ಎರಡೂ ಒಟ್ಟಿಗೆ ಅತಿಯಾಗಿ ಏರಿದರೆ ಅನುಮಾನ ನೇರ ಸ್ಟೆಬಿಲೈಸರ್ ಮೇಲೆ. ಹಂತ 5ಕ್ಕೆ ಹೋಗಿ. ಎಂಜಿನ್ನಿನಿಂದ ತೆಳು ತಾಮ್ರದ ಕೊಳವೆ ಬಂದು ಸೇರುವ ಟೆಂಪರೇಚರ್ ಗೇಜ್ ಆದರೆ ಅದು ವಿದ್ಯುತ್ತಿನದಲ್ಲ, ಈ ವಿಷಯದಲ್ಲಿ ಅದರ ಸಾಕ್ಷಿ ಬರುವುದಿಲ್ಲ.

ಹಂತ 2: ಅರ್ತ್

ಒಂದೇ ಹಂತ ಮಾಡುವಷ್ಟು ಸಮಯವಿದ್ದರೆ ಇದನ್ನೇ ಮಾಡಿ. ಎರಡೂ ತುದಿಗೆ ಕ್ಲಿಪ್ ಇರುವ ತಂತಿ ತೆಗೆದುಕೊಳ್ಳಿ. ಬಾಡಿಯಲ್ಲಿ ಬಣ್ಣವಿಲ್ಲದ ಹೊಳೆಯುವ ಲೋಹ ಸಿಗುವಲ್ಲಿ ಒಂದು ತುದಿಯನ್ನು ಮೊದಲು ಗಟ್ಟಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸೆಂಡರ್‌ನ ಲೋಹದ ಮೈಗೆ ಹಿಡಿಸಿ. ತಂತಿ ಬರುವ ಟರ್ಮಿನಲ್‌ಗೆ ತಾಗಬಾರದು. ಇದೆಲ್ಲ ಇಗ್ನಿಷನ್ ಆಫ್ ಇದ್ದಾಗಲೇ. ಆಮೇಲೆ ಕೀ ಆನ್ ಮಾಡಿ, ಒಂದು ನಿಮಿಷ ಬಿಟ್ಟು ಮುಳ್ಳು ನೋಡಿ. ಸರಿಯಾದ ಜಾಗಕ್ಕೆ ಬಂತೆಂದರೆ ರೋಗ ಸಿಕ್ಕಿತು.

ಅರ್ತ್ ಪೂರ್ತಿ ಕಡಿದಿದ್ದರೆ ಬೈಮೆಟಲ್ ಗೇಜ್ ಖಾಲಿಯಲ್ಲಿ ಬಿದ್ದಿರುತ್ತದೆ, ಕಾಯಿಲ್ ಗೇಜ್ ಫುಲ್ ದಾಟಿ ನಿಂತಿರುತ್ತದೆ. ಎರಡನೆಯದು ದಾರಿಯಲ್ಲಿ ಕೈಕೊಡುವ ಬಗೆ. ಅರೆಬರೆ ಕೆಟ್ಟ ಅರ್ತ್ ಇನ್ನೂ ಗೊಂದಲ ಹುಟ್ಟಿಸುತ್ತದೆ. ತುಕ್ಕು ಹಿಡಿದ ಕೊಂಡಿ 40 ಓಮ್ ಸೇರಿಸಿತೆನ್ನಿ. ಬೈಮೆಟಲ್ ಸೆಂಡರ್ ತುಂಬಿದ ಟ್ಯಾಂಕಿಗೆ ಕೊಡಬೇಕಾದ 30 ಓಮ್ ಈಗ 70 ಆಯಿತು: ಟ್ಯಾಂಕ್ ತುಂಬಿಸಿದರೂ ಮುಳ್ಳು ಅರ್ಧಕ್ಕೇ ನಿಲ್ಲುತ್ತದೆ. ಖಾಲಿಯ ಕಡೆ 240 ಹೋಗಿ 280 ಆದರೆ ವ್ಯತ್ಯಾಸ ಕಾಣುವುದೇ ಇಲ್ಲ. ಹಾಗಾಗಿ ‘ಖಾಲಿ ಸರಿಯಾಗಿ ತೋರಿಸುತ್ತೆ, ಫುಲ್‌ಗೆ ಮಾತ್ರ ಹೋಗಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಸೆಂಡರ್ ಅಲ್ಲ, ಅರ್ತ್ ಇರುತ್ತದೆ. ಇಂಡಿಕೇಟರ್ ಮಿನುಗಿದಂತೆ ಅಥವಾ ಹೆಡ್‌ಲೈಟ್ ಹಾಕಿದಾಗ ಮುಳ್ಳು ಸರಿದರೂ ಕೆಟ್ಟ ಅರ್ತ್ ಕೊಂಡಿಯನ್ನೇ ಮೊದಲು ಹುಡುಕಿ. ಆದರೆ ಈ ಬಾರಿ ಡ್ಯಾಶ್‌ಬೋರ್ಡ್ ಹಿಂದೆ.

ಪರಿಹಾರ ಸುಲಭ. ಸೆಂಡರ್‌ನ ಮೈಯಿಂದ ಬಾಡಿಗೆ ಹೊಸ ಕಪ್ಪು ತಂತಿ ಎಳೆಯಿರಿ, 1.5 ಚದರ ಮಿ.ಮೀ. ಧಾರಾಳ. ತುದಿಗೆ ರಿಂಗ್ ಟರ್ಮಿನಲ್ ಒತ್ತಿ, ಸೆಂಡರ್‌ನ ಯಾವುದಾದರೊಂದು ಸ್ಕ್ರೂ ಕೆಳಗೆ ಹಾಕಿ. ಸ್ಕ್ರೂ ಕೆಳಗೆ ಫೈಬರ್ ವಾಷರ್ ಇದ್ದರೆ ರಿಂಗ್ ನೇರ ಸೆಂಡರ್‌ನ ಲೋಹಕ್ಕೆ ತಾಗುತ್ತದೆಯೇ ಖಚಿತಪಡಿಸಿಕೊಳ್ಳಿ. ಬಾಡಿಯ ಕಡೆ ಬಣ್ಣ ಕೆರೆದು, ಮುಳ್ಳಂಚಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಬ್ಯಾಟರಿ ಕಳಚಿ ಸೆಂಡರ್ ಮೈಯಿಂದ ಬ್ಯಾಟರಿಯ ಅರ್ತ್ ಕೇಬಲ್‌ವರೆಗೆ ಅಳೆದರೆ ಅರ್ಧ ಓಮ್ ದಾಟಬಾರದು. ಮೀಟರಿನ ತಂತಿಗಳದ್ದೇ 0.3 ಓಮ್ ಇರಬಹುದು. ಎರಡು ಮೊನೆಗಳನ್ನು ಮುಟ್ಟಿಸಿ ಅಳೆದು ಅದನ್ನು ಕಳೆಯಿರಿ.

ಹಂತ 3: ಸೆಂಡರ್ ಬದಲು ರೆಸಿಸ್ಟರ್

ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ, ಉಳಿದವರಿಗೆ ಊರಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಈ ರೆಸಿಸ್ಟರ್‌ಗಳು ಸಿಗುತ್ತವೆ: 27, 68 ಮತ್ತು 220 ಓಮ್, ತಲಾ 1 ವ್ಯಾಟ್. ಕಾಲು ವ್ಯಾಟಿನವು ಬೇಡ. ಬೈಮೆಟಲ್ ಗೇಜ್ ಜೊತೆ ಇಲ್ಲಿ ಸುಮಾರು 0.3ರಿಂದ 0.4 ವ್ಯಾಟ್ ಬಿಸಿ ಹುಟ್ಟುವುದರಿಂದ ಅವು ಸುಟ್ಟುಹೋಗುತ್ತವೆ.

ಇಗ್ನಿಷನ್ ಆಫ್ ಮಾಡಿ ಸೆಂಡರ್‌ನ ತಂತಿ ಕಳಚಿ. ಬ್ರಿಟಿಷ್ ಕಂಪನಿ ಲೂಕಾಸ್‌ನ ತಂತಿ ಬಣ್ಣಗಳ ಪದ್ಧತಿಯಲ್ಲಿ ಇದು ಹಸಿರು ಮೈಯ ಮೇಲೆ ಕಪ್ಪು ಗೆರೆಯ ತಂತಿ. ನಾಲ್ಕೈದು ದಶಕದಲ್ಲಿ ಎಷ್ಟೋ ಕೈಗಳು ವೈರಿಂಗ್ ಮುಟ್ಟಿರುತ್ತವೆ, ಬಣ್ಣವನ್ನೇ ನಂಬಿ ಕೂರಬೇಡಿ. ಎರಡು ತಂತಿಗಳಿದ್ದರೆ ಒಂದು ರಿಸರ್ವ್ ದೀಪದ್ದು; ಗುರುತು ಹಾಕಿಕೊಳ್ಳಿ. ತಂತಿಯ ತುದಿಗೆ ಉದ್ದದ ತಂತಿ ಜೋಡಿಸಿ ಟ್ಯಾಂಕಿನಿಂದ ದೂರ ತನ್ನಿ.

ಈಗ ಕೀ ಆನ್ ಮಾಡಿ. ತಂತಿ ಬರಿದೆ ತೂಗುತ್ತಿರುವಾಗ ಬೈಮೆಟಲ್ ಗೇಜ್ ಖಾಲಿ ತೋರಿಸಬೇಕು. 220 ಓಮ್ ಮೂಲಕ ಅರ್ತ್‌ಗೆ ಕೊಟ್ಟರೆ ಖಾಲಿಯ ಗೆರೆಯ ಹತ್ತಿರ, 68ಕ್ಕೆ ಅರ್ಧದ ಹತ್ತಿರ, 27ಕ್ಕೆ ಫುಲ್ ಹತ್ತಿರ ಬರಬೇಕು. ಪ್ರತಿ ಸಲ ಒಂದು ನಿಮಿಷ ಕಾಯಿರಿ. ಕಾಯಿಲ್ ಗೇಜ್ ಆದರೆ ತೂಗುವ ತಂತಿಗೆ ಫುಲ್ ದಾಟಬೇಕು, ನೇರ ಅರ್ತ್ ಮುಟ್ಟಿಸಿದರೆ ಖಾಲಿಗೆ ಬೀಳಬೇಕು, 68 ಓಮ್‌ಗೆ ಮೇಲಿನ ಅರ್ಧದಲ್ಲಿ ನಿಲ್ಲಬೇಕು.

ಬೈಮೆಟಲ್ ಗೇಜಿನ ತಂತಿಯನ್ನು ನೇರ ಬಾಡಿಗೆ ಮುಟ್ಟಿಸಿ ನೋಡುವುದು ಗ್ಯಾರೇಜುಗಳಲ್ಲಿ ಸಾಮಾನ್ಯ. ಮುಳ್ಳು ಏಳುತ್ತದೆಯೇ ಎಂದು ನೋಡಲು ಕೆಲವು ಸೆಕೆಂಡ್ ಸಾಕು. ಹಾಗೇ ಬಿಟ್ಟರೆ ಮುಳ್ಳು ಫುಲ್ ದಾಟಿ ಒತ್ತಿ, ಪಟ್ಟಿ ಬಾಗಿ, ಗೇಜಿನ ಅಳತೆ ಶಾಶ್ವತವಾಗಿ ಕೆಡುತ್ತದೆ.

ರೆಸಿಸ್ಟರ್‌ಗಳಿಗೆ ಮುಳ್ಳು ಸರಿಯಾಗಿ ಉತ್ತರಿಸಿದರೆ ಗೇಜ್, ತಂತಿ, ಫ್ಯೂಸ್, ಸ್ಟೆಬಿಲೈಸರ್ ಎಲ್ಲವೂ ಪಾಸು. ದೋಷ ಟ್ಯಾಂಕಿನೊಳಗಿದೆ. ಉತ್ತರಿಸದಿದ್ದರೆ ಇದೇ ಪರೀಕ್ಷೆಯನ್ನು ಗೇಜಿನ ಹಿಂದಿನ ಟರ್ಮಿನಲ್‌ನಲ್ಲಿ ಮಾಡಿ. ಅಲ್ಲಿ ಸರಿಯಾಗಿ ಬಂದರೆ ನಡುವಿನ ತಂತಿ ಕಡಿದಿದೆ. ಡಿಕ್ಕಿಯೊಳಗೆ ತಂತಿ ನುಸುಳುವ ರಂಧ್ರ, ಬಾಗಿಲ ಕೆಳಗಿನ ಕಾರ್ಪೆಟ್ಟಿನ ಅಂಚು, ಒತ್ತಿ ಕೂರಿಸುವ ಕೊಂಡಿಗಳು ಮೊದಲು ನೋಡಬೇಕಾದ ಜಾಗಗಳು.

ಹಂತ 4: ಸೆಂಡರ್ ಹೊರಗೆ

ಬ್ಯಾಟರಿ ಕಳಚಿ. ಸೆಂಡರ್ ಸುತ್ತಲಿನ ಮಣ್ಣನ್ನು ಬ್ರಷ್ ಮತ್ತು ಬಟ್ಟೆಯಿಂದ ಪೂರ್ತಿ ತೆಗೆಯಿರಿ. ಬಿಚ್ಚಿದ ಮೇಲೆ ಬಿದ್ದ ಮರಳು ಕಾರ್ಬ್ಯುರೇಟರ್‌ವರೆಗೂ ಪ್ರಯಾಣ ಮಾಡುತ್ತದೆ. ಸೆಂಡರ್ ಯಾವ ದಿಕ್ಕಿಗೆ ಕೂತಿದೆಯೆಂದು ಗೆರೆ ಎಳೆದುಕೊಳ್ಳಿ. ಸ್ಕ್ರೂಗಳಿದ್ದರೆ ಹಿಂದಿನ ರಾತ್ರಿಯೇ ತುಕ್ಕುಬಿಡಿಸುವ ಎಣ್ಣೆ ಹಾಕಿಡಿ. ತಿರುಗಿಸುವ ಲಾಕ್ ರಿಂಗ್ ಇದ್ದರೆ ಹಿತ್ತಾಳೆಯ ಕಡ್ಡಿ ಅಥವಾ ಗಟ್ಟಿ ಮರದ ತುಂಡಿಟ್ಟು ಮೆಲ್ಲಗೆ ಬಡಿಯಿರಿ. ಉಕ್ಕಿನ ಉಳಿ ಬೇಡ, ಕಿಡಿ ಹಾರುತ್ತದೆ. ಫ್ಲೋಟಿನ ಕಡ್ಡಿ ಬಾಗದಂತೆ ಓರೆ ಮಾಡಿ ಹೊರಗೆ ತೆಗೆಯಿರಿ. ರಂಧ್ರವನ್ನು ಕೂಡಲೇ ಒದ್ದೆ ಬಟ್ಟೆಯಿಂದ ಮುಚ್ಚಿ, ಸೆಂಡರನ್ನು ಕಾರಿನಿಂದ ದೂರ ಒಯ್ಯಿರಿ.

ಈಗ ಅದನ್ನು ಬಿಸಿಲಿಗೆ ಹಿಡಿದು ನೋಡಿ. ಚಪ್ಪಟೆ ಫೈಬರ್ ಪಟ್ಟಿಗೆ ಕೂದಲಿನಷ್ಟು ತೆಳುವಾದ ತಂತಿಯನ್ನು ಸುತ್ತು ಸುತ್ತಾಗಿ, ಒಂದಕ್ಕೊಂದು ಅಂಟಿದಂತೆ ಸುತ್ತಿರುತ್ತಾರೆ. ಅದರ ಅಂಚಿನ ಮೇಲೆ ಒಂದು ಪುಟ್ಟ ಲೋಹದ ನಾಲಿಗೆ ಜಾರುತ್ತದೆ. ಅದು ಓಡಾಡಿದ ಜಾಗ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಸದಾ ಐದು ಹತ್ತು ಲೀಟರ್ ಹಾಕಿಸಿ ಓಡಿಸಿದ ಕಾರಿನಲ್ಲಿ ಈ ಸವೆತವೆಲ್ಲ ಕೆಳಗಿನ ಕಾಲು ಭಾಗದಲ್ಲಿ ಕೂಡಿಕೊಂಡು, ಕೊನೆಗೆ ಅಲ್ಲೇ ತಂತಿ ಹರಿಯುತ್ತದೆ. ಪೆಟ್ರೋಲ್ ತುಂಬ ಇದ್ದಾಗ ಸರಿಯಿದ್ದು, ಕಾಲು ಟ್ಯಾಂಕಿಗೆ ಬಂದಾಗ ಮುಳ್ಳು ಹುಚ್ಚಾಪಟ್ಟೆ ಕುಣಿಯುವುದು ಇದರಿಂದಲೇ.

ಮೀಟರಿನ ಒಂದು ಮೊನೆ ಟರ್ಮಿನಲ್‌ಗೆ, ಇನ್ನೊಂದು ಸೆಂಡರ್ ಮೈಗೆ. ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ಬಹಳ ನಿಧಾನವಾಗಿ ಎತ್ತಿ. ಓಮ್ ಒಂದೇ ಸಮ ಬದಲಾಗಬೇಕು, ನಡುವೆ ಎಲ್ಲೂ ಕಡಿಯಬಾರದು. ಈ ಕೆಲಸಕ್ಕೆ ಮುಳ್ಳಿನ ಹಳೆ ಮೀಟರ್ ಡಿಜಿಟಲ್‌ಗಿಂತ ಒಳ್ಳೆಯದು, ಕ್ಷಣಮಾತ್ರದ ಕಡಿತವೂ ಅದರಲ್ಲಿ ಕಾಣುತ್ತದೆ. ಬರೀ ಕೊಳೆ ಕೂತಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೆತ್ತನೆ ಬಟ್ಟೆಯಿಂದ ಒರೆಸಿ, ಕಡ್ಡಿಯನ್ನು ಹತ್ತಿಪ್ಪತ್ತು ಸಲ ಆಡಿಸಿ. ಸುರುಳಿಗೆ ಎಮರಿ ಪೇಪರ್ ಮುಟ್ಟಿಸಬೇಡಿ. ನಾಲಿಗೆ ಸಡಿಲವಾಗಿದ್ದರೆ ಕೂದಲೆಳೆಯಷ್ಟು ಬಗ್ಗಿಸಿ. ಸುರುಳಿ ಹರಿದಿದ್ದರೆ ಸೆಂಡರ್ ಬದಲಿಸುವುದೇ ದಾರಿ, ಜೆ.ಸಿ. ರೋಡಿನಂಥ ಬಿಡಿಭಾಗದ ಪೇಟೆಗೆ ಹೋಗುವಾಗ ಹಳೆಯದನ್ನು ಒಯ್ದು ಸ್ಕ್ರೂ ರಂಧ್ರ, ಕಡ್ಡಿಯ ಉದ್ದ ಹೋಲಿಸಿ, ಅಂಗಡಿಯಲ್ಲೇ ಎರಡೂ ತುದಿಯ ಓಮ್ ಅಳೆದು ಕೊಳ್ಳಿ.

ಫ್ಲೋಟ್ ಹಿತ್ತಾಳೆಯದಾದರೆ ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕುಲುಕಿದ ಸದ್ದು ಬಂದರೆ ಬೆಸುಗೆ ಬಿಟ್ಟು ಪೆಟ್ರೋಲ್ ಸೇರಿದೆ, ಫ್ಲೋಟ್ ಮುಳುಗುತ್ತಿದೆ. ಬಿಸಿನೀರಿನಲ್ಲಿ ಅದ್ದಿದರೆ ಬಿರುಕಿನಿಂದ ಗುಳ್ಳೆ ಏಳುತ್ತದೆ. ನೀರನ್ನು ಬೇರೆ ಕಡೆ ಕಾಯಿಸಿ ತನ್ನಿ, ಒಲೆಯ ಹತ್ತಿರ ಬೇಡ. ಒಳಗೆ ಪೆಟ್ರೋಲ್ ಇರುವ ಫ್ಲೋಟಿಗೆ ಬೆಸುಗೆ ಹಾಕಲು ಹೋಗಲೇಬೇಡಿ, ಅದು ಸಿಡಿಯುತ್ತದೆ. ಹೊಸ ಫ್ಲೋಟ್ ಹಾಕುವುದು ಕ್ಷೇಮ.

ಫ್ಲೋಟ್ ಕಾರ್ಕಿನದಾದರೆ ಈಗ ಹೊಸ ಚಿಂತೆಯಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇದೆ. ಹಳೆ ಕಾರ್ಕಿಗೆ ಬಳಿದಿರುವುದು ಅರಗಿನ ವಾರ್ನಿಷ್. ಅರಗು ಪೆಟ್ರೋಲಿಗೆ ಜಗ್ಗದು, ಎಥನಾಲ್‌ಗೆ ಕರಗುತ್ತದೆ. ಲೇಪ ಹೋದ ಕಾರ್ಕ್ ಪೆಟ್ರೋಲ್ ಹೀರಿ ಭಾರವಾಗಿ ತಗ್ಗುತ್ತದೆ, ಕರಗಿದ ಅರಗು ಅಂಟಾಗಿ ಫಿಲ್ಟರಿಗೆ ಸೇರುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಕಾರ್ಕ್ ಫ್ಲೋಟ್ ಸಿಕ್ಕರೆ ಇನ್ನೊಂದು ಕೋಟ್ ಬಳಿದು ಸಮಾಧಾನಪಡಬೇಡಿ, ಹಿತ್ತಾಳೆಯದಕ್ಕೆ ಬದಲಿಸಿ. ಹಾಗೆಯೇ ಸೆಂಡರ್‌ನ ಸೀಲ್ ಕೂಡ ಎಥನಾಲ್ ತಡೆಯುವ ರಬ್ಬರಿನದಿರಲಿ. ವೈಟಾನ್ ಎಂದು ಕೇಳಿ.

ಹಂತ 5: ಸ್ಟೆಬಿಲೈಸರ್

ಬೈಮೆಟಲ್ ಗೇಜ್‌ಗೆ ಬ್ಯಾಟರಿಯ ವೋಲ್ಟೇಜ್ ನೇರ ಕೊಟ್ಟರೆ ಎಂಜಿನ್ ವೇಗದೊಂದಿಗೆ ಮುಳ್ಳೂ ಏರಿಳಿಯುತ್ತದೆ. ಅದನ್ನು ತಪ್ಪಿಸಲು ಡ್ಯಾಶ್‌ಬೋರ್ಡ್ ಹಿಂದಿನ ಈ ತಗಡಿನ ಡಬ್ಬಿ ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತದೆ; ಸರಾಸರಿ 10 ವೋಲ್ಟ್. ಸ್ಮಿತ್ಸ್ ಮಾದರಿಯಲ್ಲಿ ಬಿ ಎಂಬ ಟರ್ಮಿನಲ್‌ಗೆ ಬ್ಯಾಟರಿಯ ಕರೆಂಟ್, ಐ ಎಂಬಲ್ಲಿಂದ ಗೇಜ್‌ಗಳಿಗೆ. ಡಬ್ಬಿಯ ಮೈಗೆ ಅರ್ತ್ ಬೇಕೇ ಬೇಕು. ಅರ್ತ್ ಕೊಡುವ ಸ್ಕ್ರೂ ಸಡಿಲವಾದರೆ ಒಳಗಿನ ಪಾಯಿಂಟ್ (ಕರೆಂಟನ್ನು ಕೂಡಿಸಿ ಕಡಿಯುವ ಕೊಂಡಿ) ತೆರೆಯುವುದೇ ಇಲ್ಲ, ಪೂರ್ತಿ ವೋಲ್ಟೇಜ್ ಹರಿದು ಗೇಜ್‌ಗಳೆಲ್ಲ ಹೆಚ್ಚು ತೋರಿಸುತ್ತವೆ.

ಡಿಜಿಟಲ್ ಮೀಟರ್ ಇಲ್ಲಿ 0, 12 ಎಂದು ಜಿಗಿಯುತ್ತದೆ. ಅದು ಕೆಟ್ಟಿದೆ ಎಂದಲ್ಲ. ಐ ಟರ್ಮಿನಲ್ ಮತ್ತು ಅರ್ತ್ ನಡುವೆ 12 ವೋಲ್ಟಿನ ಸಣ್ಣ ಪರೀಕ್ಷಾ ಬಲ್ಬ್ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಮಿನುಗತೊಡಗಿದರೆ ಸ್ಟೆಬಿಲೈಸರ್ ಜೀವಂತ. ಒಂದೇ ಸಮ ಉರಿದರೆ ಪಾಯಿಂಟ್ ಅಂಟಿದೆ ಅಥವಾ ಅರ್ತ್ ಇಲ್ಲ. ಉರಿಯದಿದ್ದರೆ ಬಿ ಟರ್ಮಿನಲ್‌ಗೆ ಕರೆಂಟ್ ಬಂದಿದೆಯೇ ನೋಡಿ.

ಬದಲಿಗೆ 7810 ಎಂಬ ಮೂರು ಕಾಲಿನ ರೆಗ್ಯುಲೇಟರ್ ಹಾಕಬಹುದು. ಅಕ್ಷರ ಇರುವ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡಗಾಲು ಒಳಬರುವ ಕರೆಂಟ್, ನಡುವಿನದು ಅರ್ತ್, ಬಲಗಾಲು 10 ವೋಲ್ಟ್. ಎಡಗಾಲಿಗೂ ಅರ್ತ್‌ಗೂ ನಡುವೆ 0.33, ಬಲಗಾಲಿಗೂ ಅರ್ತ್‌ಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಅದರ ಲೋಹದ ಬೆನ್ನನ್ನು ಬಾಡಿಗೇ ಸ್ಕ್ರೂ ಮಾಡಿದರೆ ಬಿಸಿಯೂ ಹೋಗುತ್ತದೆ, ಅರ್ತ್ ಕೂಡ ಸಿಗುತ್ತದೆ. ಇದು ನೆಗೆಟಿವ್ ಅರ್ತ್ ಕಾರಿಗೆ, ಅಂದರೆ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುವ ಕಾರಿಗೆ ಮಾತ್ರ. ಪಾಸಿಟಿವ್ ಅರ್ತ್ ಇರುವ ಹಳೆ ಬ್ರಿಟಿಷ್ ವಿನ್ಯಾಸದ ಕಾರಿಗೆ ಇದನ್ನು ಹಾಕಿದರೆ ಸುಟ್ಟುಹೋಗುತ್ತದೆ.

ಹಂತ 6: ಕೊನೆಗೆ ಗೇಜ್

ಇಷ್ಟೆಲ್ಲ ಸರಿಯಿದ್ದೂ ಮುಳ್ಳು ಏಳದಿದ್ದರೆ ಗೇಜ್ ಬಿಚ್ಚಿ, ತಂತಿಗಳಿಲ್ಲದೆ ಎರಡು ಟರ್ಮಿನಲ್ ನಡುವೆ ಅಳೆಯಿರಿ. ಸ್ಮಿತ್ಸ್ ಬೈಮೆಟಲ್‌ನಲ್ಲಿ ಸುಮಾರು 60ರಿಂದ 70 ಓಮ್ ಇರಬೇಕು. ಏನೂ ತೋರಿಸದಿದ್ದರೆ ಹೀಟರ್ ತಂತಿ ಸುಟ್ಟಿದೆ. ಗೇಜನ್ನು ಪರೀಕ್ಷಿಸಲೆಂದು ಬ್ಯಾಟರಿಯ ಎರಡು ತುದಿಗೆ ನೇರ ಹಿಡಿಯಬೇಡಿ, ಒಳ್ಳೆಯ ಗೇಜೂ ಅದರಲ್ಲೇ ಸಾಯುತ್ತದೆ. ಕಾಯಿಲ್ ಗೇಜ್ ಆದರೆ ಅದರ ಮೈಗೆ ಅರ್ತ್ ಇದೆಯೇ ನೋಡಿ. ಡ್ಯಾಶ್‌ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ ಮೇಲೆ ಇದೂ ತಪ್ಪಿಹೋಗುತ್ತದೆ.

ಜೋಡಿಸಿ ಅಳತೆ ಕೂಡಿಸುವುದು

ಹೊಸ ಸೀಲ್ ಹಾಕಿ, ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗ್ಯಾಸ್ಕೆಟ್‌ಗೆ ಪೆಟ್ರೋಲ್ ತಡೆಯದ ಸಾಮಾನ್ಯ ಸಿಲಿಕಾನ್ ಅಂಟು ಬಳಿಯಬೇಡಿ, ಅದು ಉಬ್ಬಿ ಕಿತ್ತುಬರುತ್ತದೆ. ಟ್ಯಾಂಕ್ ಖಾಲಿ ಇರುವಾಗಲೇ ಅಳತೆ ಕೂಡಿಸುವುದು ಸುಲಭ. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ 5 ಲೀಟರ್ ಹಾಕಿ, ಮುಚ್ಚಳ ಮುಚ್ಚಿ, ಕೀ ಆನ್ ಮಾಡಿ ಒಂದೆರಡು ನಿಮಿಷ ಕಾದು ಮುಳ್ಳು ಎಲ್ಲಿದೆ ಬರೆದುಕೊಳ್ಳಿ. ಕೀ ಆಫ್ ಮಾಡಿ ಮತ್ತೆ 5 ಲೀಟರ್, ಹೀಗೆ ತುಂಬುವವರೆಗೆ. ಮುಳ್ಳು ಖಾಲಿ ಗೆರೆಗೆ ಬಂದಾಗ ಟ್ಯಾಂಕಿನಲ್ಲಿ ಇನ್ನೂ 4–5 ಲೀಟರ್ ಉಳಿದಿರುವಂತೆ ಫ್ಲೋಟಿನ ಕಡ್ಡಿ ಬಗ್ಗಿಸಿಕೊಳ್ಳಿ. ಕಡ್ಡಿಯನ್ನು ಸುರುಳಿಯ ಹತ್ತಿರ ಒಂದು ಇಕ್ಕಳದಲ್ಲಿ ಹಿಡಿದು ಇನ್ನೊಂದರಲ್ಲಿ ಬಗ್ಗಿಸಿ, ಜಾರುವ ನಾಲಿಗೆಗೆ ಒತ್ತಡ ಬೀಳಬಾರದು. ಫ್ಲೋಟ್ ಟ್ಯಾಂಕಿನ ತಳಕ್ಕೂ ಒಳಗಿನ ಪೈಪಿಗೂ ತಾಗದೆ ಆಡುತ್ತದೆಯೇ ನೋಡಿ.

ಮುಳ್ಳಿನ ಪ್ರತಿ ಗೆರೆಗೆ ಎಷ್ಟು ಲೀಟರ್, ಖಾಲಿ ಮತ್ತು ತುಂಬಿದಾಗಿನ ಓಮ್ ಎಷ್ಟು, ಸೆಂಡರ್ ಬದಲಿಸಿದ ದಿನಾಂಕ ಯಾವುದು ಎಂಬುದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆದು ಕಾರಿನ ಕಾಗದಪತ್ರದ ಜೊತೆ ಇಡಿ. ಮುಂದೆ ಮುಳ್ಳು ಮತ್ತೆ ತಪ್ಪಿದಾಗ ಟ್ಯಾಂಕ್ ಬಿಚ್ಚದೆಯೇ ತಂತಿಯ ತುದಿಯಲ್ಲಿ ಓಮ್ ಅಳೆದು ಆ ಕಾರ್ಡಿಗೆ ಹೋಲಿಸಿದರೆ ದೋಷ ಹಿಂದಿದೆಯೋ ಮುಂದಿದೆಯೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.